ಅಜ್ಜಿ ಉಪ್ಪು ಬಿಟ್ಟದ್ದು

ಮೊನ್ನೆ ಮಣಿಪಾಲಕ್ಕೆ ಅಣ್ಣನ ಅರುವತ್ತರ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಫ್ಲ್ಯಾಟಿನ ಬಾಗಿಲಿಗೆ ಬಲೂನು, ಮೇಜಿನ ಮೇಲೆ ಕೇಕು, ಕೇಕಿನ ಹಿಂದೆ ಲೋಕದ ದುಃಖವನ್ನೆಲ್ಲ ತಾನೊಬ್ಬನೇ ಹೊತ್ತವನಂತೆ ಅಣ್ಣ. ಸಂಗತಿ ಇಷ್ಟೇ: ಬಿ.ಪಿ. ಏರಿದೆಯೆಂದು ಡಾಕ್ಟರು ಅವನಿಗೆ ಉಪ್ಪು ಕಡಿಮೆ ಮಾಡಲು ಹೇಳಿದ್ದರು. ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ, ಒಣಮೀನಿನ ಹೆಸರೆತ್ತುವ ಹಾಗಿಲ್ಲ. ಬಂದ ನೆಂಟರಿಗೆಲ್ಲ ಅವನು ತನ್ನ ಕಷ್ಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದ. ನೆಂಟರು ಅಯ್ಯೋ ಪಾಪ ಅಂದು, ಅವನ ತಟ್ಟೆಗೇ ಹಪ್ಪಳ ಇಡುತ್ತಿದ್ದರು.

"ಒಂದು ದಿನಕ್ಕೆ ಎಂತ ಆಗುದಿಲ್ಲ ಮಾರಾಯ. ಹುಟ್ಟುಹಬ್ಬ ಅಲ್ವಾ, ತಿನ್ನು."

ನಾನು ಎದ್ದು ಹೋಗಿ ಅವನ ತಟ್ಟೆಯ ಹಪ್ಪಳ ತೆಗೆದೆ. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು.

"ಇದರ ಕಷ್ಟ ನಿನಗೆ ಎಂತ ಗೊತ್ತುಂಟು!" ಎಂದ.

ಹೇಳಿಬಿಟ್ಟ ಮೇಲೆ ಅವನಿಗೇ ನೆನಪಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದೆವು. ಅವನ ಸೊಸೆಯಂದಿರಿಗೆ ಏನೂ ಅರ್ಥವಾಗಲಿಲ್ಲ. ನಮ್ಮ ಕಾಪುವಿನ ಮನೆಯಲ್ಲಿ ನಾನು ಕೆಲವು ವರ್ಷ ಉಪ್ಪಿಲ್ಲದೆ ಉಂಡವಳು. ಈಗ ನನಗೆ ಯಾವ ಪಥ್ಯವೂ ಇಲ್ಲ, ಹೊಟ್ಟೆ ತುಂಬ ಉಪ್ಪಿನಕಾಯಿ ತಿನ್ನುತ್ತೇನೆ. ಆದರೆ ಹಬ್ಬ ಹುಟ್ಟುಹಬ್ಬಗಳಲ್ಲಿ ಯಾರಾದರೂ ತಟ್ಟೆ ನೋಡುತ್ತಾ ಸುಮ್ಮನೆ ಕುಳಿತಿದ್ದರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಕಾಪುವಿನಲ್ಲಿ ನಮ್ಮ ಮನೆ ಕಡಲಿಗೆ ಹತ್ತಿರ. ಅಂಗಳವೆಂದರೆ ಹೊಯಿಗೆ, ಬರೀ ಕಡಲ ಮರಳು, ಕಿಟಕಿಯ ಸರಳಿಗೆಲ್ಲ ತುಕ್ಕು, ಬೇಸಗೆಯಲ್ಲಿ ಬಾವಿಯ ನೀರೂ ಸ್ವಲ್ಪ ಉಪ್ಪು. ಹೊರಗೆ ಒಣಗಿಸಿದ ಬಟ್ಟೆಯ ತುದಿ ಬಾಯಿಗೆ ಹಾಕಿದರೆ ಅದಕ್ಕೂ ರುಚಿ ಇರುತ್ತಿತ್ತು. ಅಪ್ಪ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಸಂಜೆ ಬರುವಾಗ ಚೀಲದಲ್ಲಿ ಬೂತಾಯಿಯೋ ಬಂಗುಡೆಯೋ ಯಾವುದಾದರೂ ಮೀನು ಇದ್ದೇ ಇರುತ್ತಿತ್ತು. ಅಡಿಗೆಮನೆ ಅಪ್ಪನ ಅಮ್ಮನದು, ಅಂದರೆ ಅಜ್ಜಿಯದು. ಒಲೆಯ ಬಲಗಡೆ ಮರದ ಮರಿಗೆಯಲ್ಲಿ ಹರಳುಪ್ಪು, ಅದರ ಹಿಂದೆ ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಹಲಸಿನ ಸೊಳೆಯ ಭರಣಿ, ಮಾವಿನ ಮಿಡಿಯ ಭರಣಿ, ಮೇಲೆ ಅಟ್ಟದಿಂದ ಇಳಿಬಿಟ್ಟ ಒಣಮೀನಿನ ಕಟ್ಟು. ಅಜ್ಜಿಗೆ ಕುಚ್ಚಲಕ್ಕಿಯ ಗಂಜಿ, ಅದಕ್ಕೆ ನಾಲ್ಕು ಹರಳುಪ್ಪು, ಕಚ್ಚಿಕೊಳ್ಳಲು ಆ ಕಟ್ಟಿನಿಂದ ಒಂದು ತುಂಡು ಇದ್ದರೆ ಸಾಕು, ಬೇರೆ ಯಾವ ಅಮೃತವೂ ಬೇಡ. ಪಾಯಸಕ್ಕೆ ಕೂಡ ಅವರು ಚಿಟಿಕೆ ಉಪ್ಪು ಹಾಕುವವರು. ಹಾಕದಿದ್ದರೆ ಬೆಲ್ಲದ ಸಿಹಿ ಏಳುವುದಿಲ್ಲ ಎಂದು ಅವರ ವಾದ. ಅಮ್ಮ ಸೊಸೆಯಾಗಿ ಬಂದು ವರ್ಷಗಳಾಗಿದ್ದರೂ ಆ ಮರಿಗೆಗೆ ಕೈ ಹಾಕುವ ಮೊದಲು ಅಜ್ಜಿಯ ಮುಖ ನೋಡುತ್ತಿದ್ದಳು.

ನನಗೆ ಕಾಯಿಲೆ ಬಂದದ್ದು ಎರಡನೆಯ ಕ್ಲಾಸಿನಲ್ಲಿ. ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ದಪ್ಪ, ಕೆನ್ನೆ ಗುಂಡಗೆ, ಕಾಲಿಗೆ ಹಾಕಿದ ಗೆಜ್ಜೆ ಬಿಗಿ. ಹುಟ್ಟಿದಾಗಿನಿಂದ ಕಡ್ಡಿಯಂತಿದ್ದವಳು ಹೀಗೆ ತುಂಬಿಕೊಂಡದ್ದು ನೋಡಿ ಅಜ್ಜಿಗೆ ಖುಷಿಯೋ ಖುಷಿ. ಮನೆಗೆ ಬಂದವರೂ ಅದನ್ನೇ ಹೇಳಿದರು.

"ಮಗು ತೋರ ಆಯ್ತಲ್ಲ! ಅಜ್ಜಿಯ ಕೈಯ ಗಂಜಿ ಮೈಗೆ ಹತ್ತಿದೆ."

ನಮ್ಮ ಕಡೆ ತೋರ ಆಗಿದ್ದಾಳೆ ಎನ್ನುವುದು ಹೊಗಳಿಕೆ. ಅಜ್ಜಿ ಆ ಹೊಗಳಿಕೆಯನ್ನು ಒಂದು ವಾರ ಅನುಭವಿಸಿದರು. ಆಮೇಲೆ ನನ್ನ ಫ್ರಾಕಿನ ಗುಂಡಿ ಹಾಕಲಾಗಲಿಲ್ಲ, ಮೂತ್ರ ನೊರೆನೊರೆಯಾಗಿ ಸ್ವಲ್ಪವೇ ಹೋಗತೊಡಗಿತು, ಅಮ್ಮ ನನ್ನನ್ನು ಎತ್ತಿಕೊಂಡು ಮಣಿಪಾಲಕ್ಕೆ ಓಡಿದಳು. ಮೂತ್ರದ ಜತೆ ರಕ್ತದ ಸಾರವೇ ಸೋರಿಹೋಗುತ್ತಿದೆ, ಮೈಯಲ್ಲಿ ತುಂಬಿದ್ದು ಮಾಂಸವಲ್ಲ, ನೀರು ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದರಂತೆ. ಸಣ್ಣ ಬಿಳಿ ಗುಳಿಗೆಗಳು ಶುರುವಾದವು. ಗುಳಿಗೆ ನಿಲ್ಲುವವರೆಗೆ ಉಪ್ಪು ನಾಲಗೆಗೆ ತಾಗಬಾರದು. ಒಮ್ಮೆ ಗುಣವಾದರೂ ಮತ್ತೆ ಮತ್ತೆ ಬರುವ ಕಾಯಿಲೆ ಇದು, ದೊಡ್ಡವಳಾಗುತ್ತಾ ತಾನೇ ಬಿಟ್ಟುಹೋದೀತು ಎಂದೂ ಹೇಳಿದ್ದರು. ಅಜ್ಜಿಗೆ ಇದರಲ್ಲಿ ಅರ್ಥವಾದದ್ದು ಒಂದೇ ಮಾತು, ಉಪ್ಪು.

ಮನೆಗೆ ಬರುವಾಗ ಅಮ್ಮನ ಚೀಲದಲ್ಲಿ ಗಾಜಿನ ಒಂದು ನಳಿಗೆ ಇತ್ತು. ದಿನಾ ಬೆಳಿಗ್ಗೆ ನನ್ನ ಮೂತ್ರವನ್ನು ಅದರಲ್ಲಿ ಹಿಡಿದು ಬೆಂಕಿಗೆ ತೋರಿಸಬೇಕು. ತಿಳಿಯಾಗಿಯೇ ಉಳಿದರೆ ಒಳ್ಳೆಯದು, ಗಂಜಿತೆಳಿಯ ಹಾಗೆ ಬೆಳ್ಳಗಾದರೆ ಕಾಯಿಲೆ ಮರಳಿ ಬಂದಿದೆ ಎಂದು ಅರ್ಥ. ಮೊದಲ ದಿನ ಅಮ್ಮ ಅದನ್ನು ಹಿಡಿದುಕೊಂಡು ಅಡಿಗೆಮನೆಯ ಒಲೆಯ ಹತ್ತಿರ ಬಂದಾಗ ಅಜ್ಜಿ ಕೂಗಿದ ಕೂಗಿಗೆ ಆಚೆಮನೆಯವರು ಓಡಿ ಬಂದರು. ಅಂದಿನಿಂದ ಬಚ್ಚಲುಕೋಣೆಯ ಒಲೆಯಲ್ಲಿ, ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ ಅಮ್ಮ ಒಬ್ಬಳೇ ಆ ಕೆಲಸ ಮಾಡುತ್ತಿದ್ದಳು. ಹೊರಗೆ ಬಂದ ಅವಳ ಮುಖ ನೋಡಿದರೆ ಆ ದಿನ ಹೇಗೆಂದು ನಮಗೆಲ್ಲ ತಿಳಿಯುತ್ತಿತ್ತು. ಮುಖ ಸರಿ ಇದ್ದರೆ ಅಪ್ಪ ಮಾತಿಲ್ಲದೆ ಚಹಾ ಕುಡಿದು ಮಲ್ಪೆಯ ಬಸ್ಸಿಗೆ ಹೋಗುತ್ತಿದ್ದರು.

ತುಳುವಿನಲ್ಲೂ ನಮ್ಮ ಕನ್ನಡದಲ್ಲೂ ಉಪ್ಪಿಲ್ಲದ್ದಕ್ಕೆ ಚಪ್ಪೆ ಎನ್ನುತ್ತಾರೆ. ನನ್ನ ಅನ್ನ ಚಪ್ಪೆ, ಸಾರು ಚಪ್ಪೆ, ದೋಸೆಗೆ ಬೇರೆ ಹಿಟ್ಟು, ಅದೂ ಚಪ್ಪೆ. ಕೊನೆಗೆ ಅಣ್ಣ ನನ್ನನ್ನೇ ಚಪ್ಪೆ ಎಂದು ಕರೆಯತೊಡಗಿದ. ದಿನನಿತ್ಯದ ಊಟ ಹೇಗೋ ಸಾಗುತ್ತಿತ್ತು. ಕಷ್ಟವಿದ್ದದ್ದು ಹುಟ್ಟುಹಬ್ಬಗಳದು. ಆಗ ನಮ್ಮಲ್ಲಿ ಕೇಕು ಇರಲಿಲ್ಲ. ಹುಟ್ಟುಹಬ್ಬವೆಂದರೆ ಗರಿಗರಿ ರೊಟ್ಟಿ, ಅದರ ಮೇಲೆ ಸುರಿದುಕೊಳ್ಳಲು ಕೆಂಪು ಕೋಳಿಸಾರು, ಕೊನೆಗೆ ಪಾಯಸ. ಅಂದು ನನಗೆ ಅಮ್ಮ ಮಾಡಿಕೊಡುತ್ತಿದ್ದ ಬೇರೆ ಪಾತ್ರೆಯ ಪಲ್ಯ ನೋಡಿದರೆ ಅಳು ಬರುತ್ತಿತ್ತು. ನನ್ನದೇ ಹುಟ್ಟುಹಬ್ಬದ ದಿನ ಎಲ್ಲರೂ ಬಾಯಿ ಚಪ್ಪರಿಸಿ ತಿಂದು, ನನ್ನ ತಲೆ ಸವರಿ, ಪಾಪದ ಹುಡುಗಿ ಎಂದು ಹೋದರು. ನನಗೆ ಹೊಟ್ಟೆ ಉರಿದುಹೋಯಿತು. ಅಜ್ಜಿ ಅದನ್ನು ನೋಡಿ ನೋಡಿ ಒಳಗೊಳಗೇ ಬೇಯುತ್ತಿದ್ದರು. ಅವರಿಗೆ ಪ್ರೀತಿ ತೋರಿಸಲು ಗೊತ್ತಿದ್ದದ್ದು ಒಂದೇ ದಾರಿ, ಉಣಿಸುವುದು. ಆ ದಾರಿಯಲ್ಲಿ ಈಗ ಡಾಕ್ಟರು ಕಲ್ಲು ಹಾಕಿದ್ದರು.

ನಾನು ನಾಲ್ಕನೆಯ ಕ್ಲಾಸಿನಲ್ಲಿರುವಾಗ ಅಣ್ಣನ ಹುಟ್ಟುಹಬ್ಬ ಬಂತು. ಹಿಂದಿನ ಎರಡು ವರ್ಷವೂ ಅವನ ಹುಟ್ಟುಹಬ್ಬದ ದಿನ ನಾನು ಆಸ್ಪತ್ರೆಯಲ್ಲಿದ್ದು, ಪಾಯಸ ಹೋಗಲಿ, ಮನೆಯಲ್ಲಿ ಒಲೆಯೂ ಸರಿಯಾಗಿ ಹೊತ್ತಿರಲಿಲ್ಲ. ಈ ಸಲ ಮಾಡಲೇಬೇಕೆಂದು ಅಮ್ಮ ಪಟ್ಟು ಹಿಡಿದಿದ್ದಳು. ಅಜ್ಜಿ ತಮ್ಮದೇ ಒಂದು ಯೋಚನೆ ಮಾಡಿದರು. ಒಣ ಸಿಗಡಿಗೆ ಯಾರೂ ಉಪ್ಪು ಸವರುವುದಿಲ್ಲ, ಹೊಯಿಗೆಯ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಾರೆ ಅಷ್ಟೆ. ಹಾಗಿದ್ದ ಮೇಲೆ ಅದರ ಚಟ್ನಿ ನನಗೆ ಆಗಬೇಕಲ್ಲ? ಖಾತ್ರಿಗೆ ಮೀನು ತರುವ ಹೆಂಗಸನ್ನು ಜಗಲಿಯಲ್ಲಿ ಕೂರಿಸಿ ವಿಚಾರಣೆಯನ್ನೂ ಮಾಡಿದರು.

"ಇದಕ್ಕೆ ಉಪ್ಪು ಹಾಕಿದ್ದೀಯಾ? ನಿಜ ಹೇಳು."

"ಇಲ್ಲ ಅಮ್ಮ, ಬರೀ ಬಿಸಿಲು. ಸಿಗಡಿಗೆ ಯಾರು ಉಪ್ಪು ಹಾಕ್ತಾರೆ?"

ಕಡಲೊಳಗೆ ಹುಟ್ಟಿ ಬೆಳೆದ ಸಿಗಡಿ ಕಡಲಿನ ಉಪ್ಪನ್ನು ತಾನೇ ಹೊತ್ತು ತರುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಡಲ ಬದಿಯವರಿಗೆ ಉಪ್ಪು ಎಂದರೆ ಮರಿಗೆಯಲ್ಲಿ ಇರುವಂಥದ್ದು, ಕೈಯಿಂದ ಹಾಕುವಂಥದ್ದು. ಅಜ್ಜಿ ಸಿಗಡಿಯನ್ನು ಹೆಂಚಿನಲ್ಲಿ ಹುರಿದು, ಸುಟ್ಟ ಮೆಣಸು, ತೆಂಗಿನಕಾಯಿ, ಹುಳಿ ಸೇರಿಸಿ, ಉಪ್ಪು ಹಾಕದೆ ಅರೆದರು. ಮಧ್ಯಾಹ್ನ ಎಲ್ಲರೂ ರೊಟ್ಟಿಗೆ ಕೋಳಿಸಾರು ಸುರಿದುಕೊಳ್ಳುವಾಗ ಅಜ್ಜಿ ನನ್ನ ಬದಿಗೆ ಕುಳಿತು ಅನ್ನಕ್ಕೆ ಆ ಚಟ್ನಿ ಕಲಸಿ ತುತ್ತು ಇಟ್ಟರು. ಆ ತುತ್ತು ಬಾಯಿಗೆ ಹೋದಾಗ ಆದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. ನಾಲಗೆಗೆ ಜೀವ ಬಂತು. ಇನ್ನೂ ಬೇಕು, ಇನ್ನೂ ಬೇಕು ಎಂದು ಬಟ್ಟಲು ಖಾಲಿ ಮಾಡಿದೆ. ಅಮ್ಮ ದೂರದಿಂದ ನೋಡಿ ಅದೇನು ಎಂದು ಕೇಳಿದಳು. ಉಪ್ಪು ಹಾಕದ ಚಟ್ನಿ, ಹೆದರಬೇಡ, ಒಂದು ದಿನಕ್ಕೆ ಎಂತ ಆಗುದಿಲ್ಲ ಎಂದರು ಅಜ್ಜಿ. ಅಮ್ಮ ನೆಂಟರಿಗೆ ಸಾರು ಬಡಿಸಲು ಹೋದಳು.

ಮರುದಿನ ಬೆಳಿಗ್ಗೆ ನನಗೆ ಕಣ್ಣು ತೆರೆಯಲಾಗಲಿಲ್ಲ. ಮುಖ ಊದಿ ರೆಪ್ಪೆಗಳು ಅಂಟಿಕೊಂಡಿದ್ದವು. ಅಮ್ಮ ಬಚ್ಚಲುಕೋಣೆಯಿಂದ ನಳಿಗೆ ಹಿಡಿದುಕೊಂಡೇ ಹೊರಗೆ ಬಂದಳು. ಒಳಗಿನದು ಗಟ್ಟಿ ಬೆಳ್ಳಗೆ. ಅದನ್ನು ಅವಳು ಅಜ್ಜಿಯ ಕಣ್ಣೆದುರು ಹಿಡಿದಳು. ಅಜ್ಜಿಗೆ ಎದುರು ಮಾತಾಡಿ ಗೊತ್ತಿಲ್ಲದ ಅಮ್ಮ ಅಂದು ಆಡಿದ ಮಾತು ಇಡೀ ಮನೆಗೆ ಕೇಳಿತು.

"ಸಾಕು ಮಾಮಿ, ನಿಮ್ಮ ಪ್ರೀತಿ ಸಾಕು. ಇನ್ನು ನನ್ನ ಮಗಳ ಬಾಯಿಗೆ ನೀವು ಎಂತದ್ದೂ ಹಾಕಬೇಡಿ."

ಅಮ್ಮ ಅಜ್ಜಿಯನ್ನು ಮಾಮಿ ಎಂದೇ ಕರೆಯುತ್ತಿದ್ದಳು. ಅತ್ತೆಯನ್ನು ತುಳುವಿನಲ್ಲಿ ಹಾಗೇ ಕರೆಯುವುದು. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ನಾವು ಆಸ್ಪತ್ರೆಗೆ ಹೋಗುವಾಗಲೂ ಅಲ್ಲೇ ಇದ್ದರು. ಮೂರು ವಾರ ಕಳೆದು ನಾನು ಮರಳಿ ಬರುವಷ್ಟರಲ್ಲಿ ಅವರು ಊರಿನ ಮಾರಿಗುಡಿಗೆ ಹೋಗಿ ಹರಕೆ ಹೇಳಿ ಆಗಿತ್ತು. ಈ ಬಾಲೆ ಉಪ್ಪು ತಿನ್ನುವ ದಿನದವರೆಗೆ ನಾನೂ ತಿನ್ನುವುದಿಲ್ಲ ತಾಯೀ ಎಂದು. ಗುಟ್ಟಾಗಿ ಹೇಳಿದ್ದಲ್ಲ. ಗುಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿ, ದಾರಿಯಲ್ಲಿ ಸಿಕ್ಕಿದವರಿಗೂ ಹೇಳಿ, ಮನೆಗೆ ಬಂದು ಅಪ್ಪನಿಗೆ ಇನ್ನೊಮ್ಮೆ ಹೇಳಿದ್ದರು.

ಅಜ್ಜಿಯ ವ್ರತ ಮೌನವ್ರತವಾಗಿರಲಿಲ್ಲ. ಪ್ರತಿ ಊಟಕ್ಕೂ ಅದರ ವರದಿ ಇರುತ್ತಿತ್ತು. ಗಂಜಿಯ ಬಟ್ಟಲೆತ್ತಿ, ಇದನ್ನು ದನಕ್ಕೆ ಕೊಟ್ಟರೆ ದನ ಮೂಸುವುದಿಲ್ಲ ಎನ್ನುತ್ತಿದ್ದರು. ಅಪ್ಪ ಬಂಗುಡೆ ಹುರಿಸಿಕೊಂಡು ತಿನ್ನುವಾಗ ಎದುರಿಗೆ ಕುಳಿತು ನಿಟ್ಟುಸಿರು ಬಿಡುತ್ತಿದ್ದರು. ಅಪ್ಪ ಪಾಪ, ತಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ತಿನ್ನಬೇಕಾಯಿತು. ಒಣಮೀನಿನ ಕಟ್ಟನ್ನು ಅಜ್ಜಿಯೇ ಇಳಿಸಿ ಆಚೆಮನೆಗೆ ಕೊಟ್ಟರು. ಕೊಟ್ಟ ಮೇಲೆ ಆ ಮನೆಯಿಂದ ಮೀನು ಸುಡುವ ವಾಸನೆ ಬಂದಾಗಲೆಲ್ಲ ಆ ಹೆಂಗಸಿಗೆ ಮೀನು ಸುಡಲೂ ಬರುವುದಿಲ್ಲ ಎಂದು ಬೈಯುತ್ತಿದ್ದರು. ನನಗೆ ಮಾತ್ರ ಆ ದಿನಗಳು ಹಬ್ಬವಾದವು. ಮನೆಯಲ್ಲಿ ಇನ್ನೊಂದು ಚಪ್ಪೆ ಬಾಯಿ ಇತ್ತು. ನನಗಿಂತ ಹೆಚ್ಚು ಗಲಾಟೆ ಮಾಡುವ ಬಾಯಿ. ಅಜ್ಜಿ ಮುಖ ಸಿಂಡರಿಸುವುದನ್ನು ನೋಡಿ ನಕ್ಕು ನಕ್ಕು ನಾನು ನನ್ನ ಅನ್ನವನ್ನು ಗೊತ್ತಾಗದೆ ಮುಗಿಸುತ್ತಿದ್ದೆ.

ಬೈದು ಬೈದು ಸುಸ್ತಾದ ಮೇಲೆ ಅಜ್ಜಿ ಅಡಿಗೆಗೆ ಇಳಿದರು. ಉಪ್ಪಿಲ್ಲದೆ ರುಚಿ ಮಾಡುವುದು ಹೇಗೆಂದು ಆ ವಯಸ್ಸಿನಲ್ಲಿ ಮೊದಲಿನಿಂದ ಕಲಿತರು. ಬೇಲಿಯ ಬದಿಯ ಮರದ ಹುಳಿಕಾಯಿ ಬಿಂಬುಳಿ ಜಜ್ಜಿ ಹಾಕಿದ ತೊವ್ವೆ, ಬೆಳ್ಳುಳ್ಳಿಯನ್ನು ಕರಿಯಾಗುವವರೆಗೆ ಹುರಿದ ಒಗ್ಗರಣೆ, ಪುನರ್ಪುಳಿಯ ಸಾರಿಗೆ ಜೀರಿಗೆ ಮೆಣಸು, ಸುಟ್ಟ ಬದನೆಗೆ ಶುಂಠಿ ಮತ್ತು ಮೊಸರು. ಹುಳಿ, ಖಾರ, ಸುಟ್ಟ ಘಮ ಮೂರನ್ನೂ ಮುಂದೆ ತಂದು ನಿಲ್ಲಿಸಿದರೆ ನಾಲಗೆ ಉಪ್ಪಿನ ದಾರಿ ನೋಡುವುದು ಕಡಿಮೆಯಾಗುತ್ತದೆ ಎಂದು ಅವರೇ ಕಂಡುಹಿಡಿದರು. ನಿಜಕ್ಕೂ ರುಚಿಯಾಗಿರುತ್ತಿತ್ತು. ಆದರೆ ಅಜ್ಜಿ ಮಾಡಿದ್ದು ಸೀದಾ ನನಗೆ ಬರುತ್ತಿರಲಿಲ್ಲ. ಮೊದಲು ಅಮ್ಮನ ಎದುರಿಗೆ ಹೋಗಬೇಕು, ಅಮ್ಮ ಅಂಗೈಗೆ ಒಂದು ತೊಟ್ಟು ಹಾಕಿ ನೆಕ್ಕಿ ನೋಡಬೇಕು, ಆಮೇಲೆ ಅಮ್ಮನೇ ಬಡಿಸಬೇಕು. ಅಷ್ಟು ಹೊತ್ತು ಅಜ್ಜಿ ಸೌಟು ಹಿಡಿದು, ತಪ್ಪು ಮಾಡಿದ ಶಾಲೆಯ ಮಕ್ಕಳ ಹಾಗೆ ನಿಂತಿರುತ್ತಿದ್ದರು. ಬಾಯಿ ತುಂಬ ಮಾತಿದ್ದ ಅಜ್ಜಿ ಆ ಒಂದು ಗಳಿಗೆಯಲ್ಲಿ ಮಾತ್ರ ಮಾತಾಡುತ್ತಿರಲಿಲ್ಲ. ಕೈತುತ್ತು ಇಡುವುದಂತೂ ನಿಂತೇಹೋಗಿತ್ತು. ನನಗೆ ಅದೇ ದೊಡ್ಡ ದುಃಖ. ಉಪ್ಪು ಹೋದದ್ದಕ್ಕಿಂತ ಅಜ್ಜಿಯ ಕೈ ಹೋದದ್ದು ಹೆಚ್ಚು ನೋಯುತ್ತಿತ್ತು. ಅಮ್ಮನ ಹತ್ತಿರ ಹೇಳಲು ಧೈರ್ಯವಿರಲಿಲ್ಲ.

ಹೀಗಿರುವಾಗ ಕುಕ್ಕುಂದೂರಿನಿಂದ ಊಟದ ಹೇಳಿಕೆ ಬಂತು. ಅಪ್ಪನ ಅಕ್ಕ, ಅಜ್ಜಿಯ ಹಿರಿಮಗಳು, ಕಾರ್ಕಳದ ಬದಿಯ ಆ ಊರಿಗೆ ಮದುವೆಯಾಗಿ ಹೋದವರು. ಅವರ ಮೊದಲ ಮೊಮ್ಮಗುವಿನ ಮೊದಲ ಹುಟ್ಟುಹಬ್ಬ. ಅಪ್ಪನಿಗೆ ರಜೆ ಸಿಗಲಿಲ್ಲ, ಅಣ್ಣನಿಗೆ ಪರೀಕ್ಷೆ. ಅಜ್ಜಿ, ಅಮ್ಮ, ನಾನು ಹೊರಟೆವು. ಕಟಪಾಡಿಯಲ್ಲಿ ಇಳಿದು, ಶಿರ್ವ ಬೆಳ್ಮಣ್ಣು ಮಾರ್ಗದ ಬಸ್ಸು ಹಿಡಿದು ಕಾರ್ಕಳಕ್ಕೆ. ದಾರಿಯುದ್ದಕ್ಕೂ ಅಜ್ಜಿಯ ತೊಡೆಯ ಮೇಲೆ ಬುತ್ತಿಯ ಕ್ಯಾರಿಯರ್ ಇತ್ತು. ಬೆಳಗಿನ ಜಾವ ಎದ್ದು ನನಗೂ ತಮಗೂ ಮಾಡಿದ ಅಡಿಗೆ.

ಅತ್ತೆಯ ಮನೆಯ ಅಂಗಳದಲ್ಲಿ ಚಪ್ಪರ, ತುಂಬ ಜನ, ಸಾಲಾಗಿ ಎಲೆ. ಅತ್ತೆ ಕ್ಯಾರಿಯರ್ ನೋಡಿದ ಕೂಡಲೇ ಮುಖ ಕೆಂಪಗೆ ಮಾಡಿಕೊಂಡರು.

"ನನ್ನ ಮನೆಗೆ ಬುತ್ತಿ ಕಟ್ಟಿಕೊಂಡು ಬರುದಾ ಅಮ್ಮ? ನನ್ನ ಗಂಡನ ಕಡೆಯವರೆಲ್ಲ ಬಂದಿದ್ದಾರೆ. ಅವರು ಎಂತ ಹೇಳ್ತಾರೆ?"

"ಹುಡುಗಿಗೆ ಪಥ್ಯ ಅಂತ ಹೇಳಿದ್ದೇನಲ್ಲ."

"ಪಥ್ಯ ಮನೆಯಲ್ಲಿ ಮಾಡಲಿ. ಇವತ್ತು ನನ್ನ ಮೊಮ್ಮಗನ ಹುಟ್ಟುಹಬ್ಬ. ಒಂದು ದಿನಕ್ಕೆ ಎಂತ ಆಗುದಿಲ್ಲ."

ಅತ್ತೆ ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರಿತ್ತು. ನಾನು ಅವರಿಗೆ ತಮ್ಮನ ಒಬ್ಬಳೇ ಮಗಳು, ಆ ಮನೆಯಲ್ಲಿ ನಾನು ಎಲೆಯ ಮುಂದೆ ಸುಮ್ಮನೆ ಕೂರುವುದು ಅವರಿಗೆ ಸಹಿಸದು. ನನ್ನ ಕೈ ಹಿಡಿದು ಸಾಲಿನಲ್ಲಿ ಕೂರಿಸಿದರು. ಅನ್ನ ಬಂತು, ಕೋಳಿಯ ಸುಕ್ಕ ಬಂತು, ಅತ್ತೆ ಸ್ವತಃ ಕಾಲಿನ ತುಂಡು ಹುಡುಕಿ ನನ್ನ ಎಲೆಗೆ ಹಾಕಿದರು. ಹುರಿದ ತೆಂಗಿನಕಾಯಿಯ ಪರಿಮಳಕ್ಕೆ ನನ್ನ ಬಾಯಲ್ಲಿ ನೀರು ಬಂದು ಗಂಟಲಿಗೆ ಇಳಿಯಿತು. ಅಮ್ಮ ಎದುರು ಸಾಲಿನಿಂದ ನನ್ನನ್ನೇ ನೋಡುತ್ತಿದ್ದಳು. ಗಂಡನ ಅಕ್ಕನ ಮನೆಯಲ್ಲಿ, ಇಷ್ಟು ಜನರ ನಡುವೆ ಅವಳಿಗೆ ಬೇಡ ಎನ್ನುವ ಬಾಯಿ ಇರಲಿಲ್ಲ. ನಾನು ಎಲೆಗೆ ಕೈ ಹಾಕಿದೆ.

ಬದಿಯಿಂದ ಅಜ್ಜಿಯ ಕೈ ಬಂತು. ನನ್ನ ಎಲೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡು, ಅನ್ನ, ಸುಕ್ಕ, ಎಲ್ಲ ಇದ್ದ ಹಾಗೆಯೇ ಮಡಚಿಬಿಟ್ಟರು. ಉಂಡು ಮುಗಿದ ಮೇಲೆ ಮಡಚುವ ಎಲೆ ಅದು. ಬಡಿಸಿದ ಎಲೆಯನ್ನು ಮುಟ್ಟದೆ ಮಡಚುವುದೆಂದರೆ ಬಡಿಸಿದವರ ಮುಖಕ್ಕೆ ಹೊಡೆದಂತೆ, ಅದೂ ಮಗುವಿನ ಹುಟ್ಟುಹಬ್ಬದ ದಿನ. ಅತ್ತೆ ಕೋಳಿಯ ಪಾತ್ರೆ ಹಿಡಿದುಕೊಂಡು ಹಾಗೇ ನಿಂತರು.

"ಅಮ್ಮ! ಇದೆಂತ ಮಾಡಿದ್ದು ನೀವು!"

ಅಜ್ಜಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಒಂದು ದಿನಕ್ಕೆ ಎಂತ ಆಗುದಿಲ್ಲ ಅಂತ ನಾನೂ ಹೇಳಿದ್ದೆ ಮಗಾ. ಈ ಕೈಯಿಂದಲೇ ಉಣಿಸಿದೆ. ಮರುದಿನ ಹುಡುಗಿಗೆ ಕಣ್ಣು ಬಿಡ್ಲಿಕ್ಕೆ ಆಗ್ಲಿಲ್ಲ. ನಾನು ಮಾಡಿದ್ದನ್ನು ನೀನು ಮಾಡಬೇಡ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಆಮೇಲೆ ನನ್ನ ಹಾಗೆ ಕೂತು ಅಳುದು ಬೇಡ."

ಎದುರು ಸಾಲಿನಲ್ಲಿ ಅಮ್ಮ ತಲೆ ತಗ್ಗಿಸಿದಳು. ಅಜ್ಜಿ ಪಕ್ಕದಿಂದ ಬೇರೆ ಎರಡು ಎಲೆ ತೆಗೆದುಕೊಂಡು ಹಾಸಿ, ಕ್ಯಾರಿಯರ್ ಬಿಚ್ಚಿ, ನನಗೂ ತಮಗೂ ಬಡಿಸಿದರು. ಅಂದು ಅಮ್ಮನಿಗೆ ತೋರಿಸುವುದನ್ನು ಮರೆತರು. ಅಮ್ಮನೂ ಕೇಳಲಿಲ್ಲ. ಅಜ್ಜಿ, ನಾನು ಇಬ್ಬರೂ ಆ ಸಾಲಿನ ನಡುವೆ ಕುಳಿತು ಬಿಂಬುಳಿಯ ತೊವ್ವೆ ಅನ್ನ ಉಂಡೆವು. ಅತ್ತೆ ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತಿರಬೇಕು. ಮುಖ ತೊಳೆದುಕೊಂಡು ಬಂದವರು ನಮ್ಮ ಎಲೆಗೆ ಗಟ್ಟಿ ಮೊಸರು ಹಾಕಿದರು. ಅಷ್ಟರಲ್ಲಿ ಪಾಯಸದವರು ಹತ್ತಿರ ಬಂದರು. ಅತ್ತೆ ಗಾಬರಿಯಿಂದ ಅಡ್ಡ ಕೈ ಹಿಡಿದರು.

"ಇವರಿಗೆ ಬೇಡ, ಇವರಿಗೆ ಬೇಡ! ಅದಕ್ಕೂ ಚಿಟಿಕೆ ಉಪ್ಪು ಹಾಕಿದ್ದೇನೆ. ಅಮ್ಮ ಕಲಿಸಿದ್ದೇ ಹಾಗೆ."

ಅಜ್ಜಿ ನಕ್ಕರು. ಅತ್ತೆಯೂ ಮೂಗು ಒರೆಸಿಕೊಂಡು ನಕ್ಕರು. ಹೊರಡುವಾಗ ಅತ್ತೆ ಒಂದು ಚಿಪ್ಪು ಬಾಳೆಹಣ್ಣು ಕಟ್ಟಿ ನನ್ನ ಕೈಗೆ ಕೊಟ್ಟು, ಇದಕ್ಕೆ ಯಾರೂ ಎಂತದ್ದೂ ಹಾಕಿಲ್ಲ ಮಗಾ ಎಂದರು.

ಕಟಪಾಡಿಗೆ ಬಂದಾಗ ಸಂಜೆ. ಕಾಪುವಿನ ಬಸ್ಸು ಆಗಷ್ಟೇ ಹೋಗಿತ್ತು. ನಿಲ್ದಾಣದ ಬೆಂಚಿನಲ್ಲಿ ಅಜ್ಜಿ ಕುಳಿತರು, ನಾನು ಅವರಿಗೆ ಒರಗಿ ಕುಳಿತೆ. ಅಮ್ಮ ನಿಂತೇ ಇದ್ದಳು. ಈಗ ಎದುರಿಗೆ ಬಂದು ನಿಂತು, ಸೆರಗಿನ ತುದಿ ಹಿಂಡುತ್ತಾ ಹೇಳಿದಳು.

"ಮಾಮಿ, ಅದು ನಿಮ್ಮಿಂದ ಆದದ್ದಲ್ಲ."

"ಯಾವುದು?"

"ಕಾಯಿಲೆ ತಿರುಗಿ ಬಂದದ್ದು. ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ನಳಿಗೆಯಲ್ಲಿ ಬಿಳಿ ಬಂದಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಆಸ್ಪತ್ರೆಗೆ ಹೋಗಬೇಕು, ಮಗನಿಗೆ ಈ ವರ್ಷವೂ ಹುಟ್ಟುಹಬ್ಬ ಇಲ್ಲ. ಒಂದು ದಿನ ಕಳೆಯಲಿ, ನಾಡಿದ್ದು ಹೋಗುವ ಅಂತ ಇದ್ದೆ. ಚಟ್ನಿಯಿಂದ ಊತ ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ, ಕಾಯಿಲೆ ಮೊದಲೇ ಬಂದಿತ್ತು ಅಂತ ಡಾಕ್ಟ್ರೂ ಹೇಳಿದ್ರು. ನಿಮ್ಮನ್ನು ಬೈದಾದ ಮೇಲೆ ಹೇಗೆ ಹೇಳುದು ಅಂತ ಗೊತ್ತಾಗ್ಲಿಲ್ಲ."

ಅಮ್ಮ ಅಲ್ಲೇ, ಬಸ್ಸು ಕಾಯುವವರ ಎದುರಿನಲ್ಲೇ ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅವಳು ಅಷ್ಟು ದಿನ ಆ ನಳಿಗೆಯನ್ನು ಒಬ್ಬಳೇ ನೋಡಿಕೊಂಡು ಬಂದದ್ದು ನೆನೆದು ಹೆದರಿಕೆಯಾಯಿತು. ಅಜ್ಜಿಗೆ ಮಾತ್ರ ಸಿಟ್ಟು ಬಂತು. ಬಂದ ಸಿಟ್ಟು ಸಣ್ಣದಲ್ಲ. ಬೆಂಚಿನಿಂದ ಎದ್ದೇಬಿಟ್ಟರು.

"ಅಂದರೆ ನಾನು ಇಷ್ಟು ತಿಂಗಳು ಚಪ್ಪೆ ಗಂಜಿ ಕುಡಿದದ್ದು ಸುಮ್ಮನೆಯಾ? ನನ್ನ ಒಣಮೀನು ಎಲ್ಲ ಆ ಆಚೆಮನೆಯವಳು ತಿಂದು ಮುಗಿಸಿದಳು! ಬಾ ಇಲ್ಲಿ!"

ಅಮ್ಮನ ಕೈಯನ್ನು ಒಂದು ಕೈಯಲ್ಲಿ, ನನ್ನ ಕೈಯನ್ನು ಇನ್ನೊಂದರಲ್ಲಿ ಹಿಡಿದು ರಸ್ತೆಯಾಚೆಯ ಹೋಟೆಲಿಗೆ ನುಗ್ಗಿದರು. ಗೋಳಿಬಜೆಯ ಎಣ್ಣೆಯ ವಾಸನೆ ಬಾಗಿಲಿನವರೆಗೆ ಬರುತ್ತಿತ್ತು. ಕುಳಿತುಕೊಳ್ಳುವ ಮೊದಲೇ ಒಂದು ಪ್ಲೇಟ್ ಗೋಳಿಬಜೆ ಎಂದು ಕೂಗಿದರು. ಬಂತು. ಬಿಸಿಬಿಸಿ, ಉಂಡೆಉಂಡೆ, ಬದಿಯಲ್ಲಿ ತೆಂಗಿನ ಚಟ್ನಿ. ಅಜ್ಜಿ ಒಂದನ್ನು ಎತ್ತಿ ಮುರಿದರು. ಒಳಗಿನ ಹಬೆ ಅವರ ಮುಖಕ್ಕೆ ಬಂತು. ಅವರು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ ಆ ಎರಡು ತುಂಡನ್ನೂ ತಟ್ಟೆಯಲ್ಲೇ ಇಟ್ಟು, ತಟ್ಟೆಯನ್ನು ಅಮ್ಮನ ಕಡೆಗೆ ದೂಡಿದರು.

"ನೀನು ತಿನ್ನು. ಅಲ್ಲಿ ಎಲೆಯ ಮುಂದೆ ನೀನೂ ಎಂತ ತಿನ್ನಲಿಲ್ಲ, ನಾನು ನೋಡಿದ್ದೇನೆ."

"ನೀವು ತಿನ್ನಿ ಮಾಮಿ. ತಪ್ಪು ನಿಮ್ಮದಲ್ಲ ಅಂತ ಹೇಳಿದೆನಲ್ಲ."

"ಅದು ಬೇರೆ. ಈ ಬಾಲೆ ತಿನ್ನುವವರೆಗೆ ಅಂತ ಹರಕೆ ಹೇಳಿದ್ದು ನಾನು. ತಪ್ಪು ನನ್ನದು ಇರುವವರೆಗೆ ಅಂತ ಹೇಳಿದ್ದಾ?"

ಅಜ್ಜಿಯೇ ಒಂದು ತುಂಡು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದರು. ನನ್ನ ಅಮ್ಮ ಅಜ್ಜಿಯ ಕೈಯಿಂದ ತುತ್ತು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಿನ್ನು ಮಾರಾಯ್ತಿ, ಆರಿದರೆ ರಬ್ಬರ್ ಆಗ್ತದೆ."

ಹಾಗೆ ಹೇಳಿ ಅಜ್ಜಿ, ಕುಕ್ಕುಂದೂರಿನ ಅತ್ತೆ ಕೊಟ್ಟ ಕಟ್ಟು ಬಿಚ್ಚಿದರು. ಒಂದು ಬಾಳೆಹಣ್ಣು ಸುಲಿದು ನನ್ನ ಬಾಯಿಗಿಟ್ಟರು, ಇನ್ನೊಂದನ್ನು ತಮಗೆಂದು ಸುಲಿದುಕೊಂಡರು.